ಏರಿನಲ್ಲಿ ಸೋಲುವ ಕಾರು

ಕದಿರೇನಹಳ್ಳಿ ಅಂಡರ್‌ಪಾಸಿನಿಂದ ಮೇಲೆ ಬರುವಾಗ ಕಾರು ಮತ್ತೆ ಸೋತಿತು. ನಿಂತುಹೋಗಲಿಲ್ಲ, ಉಸಿರು ಕಟ್ಟಿದ ಹಾಗೆ ಗೊರಗೊರ ಅಂದು ಆಮೆಯಾಯಿತು. ಸೊಣ್ಣಮ್ಮ ಆಕ್ಸಿಲರೇಟರನ್ನು ತಳಕ್ಕೆ ತುಳಿದರೂ ಪಿಕಪ್ ಇಲ್ಲ. ಹಿಂದಿನ ಆಟೋದವನು ಹಾರನ್ ಮೇಲಿಂದ ಕೈ ತೆಗೆಯಲಿಲ್ಲ. ಏರು ಮುಗಿದು ರಸ್ತೆ ಮಟ್ಟಸವಾದದ್ದೇ ತಡ, ಏನೂ ಆಗೇ ಇಲ್ಲವೆಂಬಂತೆ ಕಾರು ಮುಂದಕ್ಕೆ ನೆಗೆಯಿತು.

"ಕಳ್ಳೆತ್ತು ಇದು," ಎಂದ ಪಕ್ಕದಲ್ಲಿ ಕೂತಿದ್ದ ಗಂಡ ಚಿಕ್ಕಬೈರಪ್ಪ, ಹಣೆ ಒರೆಸಿಕೊಳ್ಳುತ್ತಾ. "ಅಲ್ಲ, ಎತ್ತಿನ ತಪ್ಪೇನು? ಹೊಡೆಯೋರ ಕೈ ಸರಿಯಿಲ್ಲ. ಮಗ ಓಡಿಸಿದ್ರೆ ಕುದುರೆ, ಅಳಿಯ ಓಡಿಸಿದ್ರೆ ಕುದುರೆ. ನೀನು ಹಿಡಿದ್ರೆ ಮಾತ್ರ ಮಲಗ್ತದೆ."

"ನಾನೊಬ್ಳೇ ಹೋದಾಗ ಒಂದು ದಿನವೂ ಮಲಗಿಲ್ಲ."

"ನೀನು ಹೇಳ್ಬೇಕು, ನಾನು ಕೇಳ್ಬೇಕು."

ಸಂಜೆ ಜಯದೇವಪ್ಪ ಕಾರು ಕೊಳ್ಳಲು ಬರುವವನಿದ್ದ. ಮೊಮ್ಮಕ್ಕಳ ವಯಸ್ಸಿನವರ ಜೊತೆ ಸಾಲಿನಲ್ಲಿ ನಿಂತು ಲೈಸೆನ್ಸ್ ತಂದಿದ್ದ ಸೊಣ್ಣಮ್ಮ, ಹಟ ಮಾಡಿ ಗಂಡನಿಂದ ಒಂದು ಮಾತು ಗಿಟ್ಟಿಸಿಕೊಂಡಿದ್ದಳು. ಅಷ್ಟರೊಳಗೆ ದೋಷ ಕಾರಿನದೆಂದು ಮೆಕ್ಯಾನಿಕ್ ತೋರಿಸಿಕೊಟ್ಟರೆ ಕಾರು ಮನೆಯಲ್ಲೇ ಉಳಿಯಬೇಕು. ದೋಷ ಕೈಯದೆಂದರೆ ಕಾರೂ ಹೋಯಿತು, ಡ್ರೈವಿಂಗೂ ಹೋಯಿತು.

ಪದ್ಮನಾಭನಗರದ ಗ್ಯಾರೇಜಿನ ದೇವದಾಸ್ ಹೋದ ತಿಂಗಳೇ ಡೀಸೆಲ್ ಫಿಲ್ಟರ್ ಬದಲಿಸಿದ್ದ. ಟರ್ಬೊ ಪೈಪು ಬಿಚ್ಚಿ ಊದಿ ನೋಡಿದ್ದ. ಇವತ್ತು ತಾನೇ ಒಂದು ಸುತ್ತು ಓಡಿಸಿ ಬಂದು ಬೀಗದಕೈ ಹಿಂದಕ್ಕೆ ಕೊಟ್ಟ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಗಾಡಿ ಬೆಣ್ಣೆ ಇದ್ದಂಗಿದೆ."

"ನಾನು ಹೇಳ್ಲಿಲ್ವಾ?" ಚಿಕ್ಕಬೈರಪ್ಪ ಮೀಸೆ ತೀಡಿದ.

ಸೊಣ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನೀನು ಓಡಿಸೋದಲ್ಲ ಕಣಪ್ಪ. ನಾನು ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತು ನೋಡು. ನಮ್ಮನೆಯವರು ಹಿಂದೆ ಕೂತ್ಕೊಳ್ಳಲಿ."

"ಅದಕ್ಕೇನಕ್ಕ, ಬನ್ನಿ. ನಾನು ಬ್ರೇಕಿಲ್ಲದ ಲಾರಿಯಲ್ಲಿ ಕೂತು ಬಂದೋನು," ಎಂದು ದೇವದಾಸ್ ಕಾಲು ಚಾಚಿ ಎಡಗಡೆ ಸೀಟಿನಲ್ಲಿ ಕೂತ.

ಕಾರು ಚೆನ್ನಾಗಿಯೇ ಓಡಿತು. ಉದ್ದಕ್ಕೂ ಏರಿರುವ ರಸ್ತೆಗೆ ತಿರುಗಿದಾಗಲೂ ಸೋಲಲಿಲ್ಲ. ಸೊಣ್ಣಮ್ಮನ ಮುಖ ಬಾಡುತ್ತಾ ಬಂತು. ಅಷ್ಟರಲ್ಲಿ ಅಡ್ಡರಸ್ತೆಯಿಂದ ನೀರಿನ ಟ್ಯಾಂಕರ್ ಒಂದು ಹೇಳದೆ ಕೇಳದೆ ನುಗ್ಗಿತು. ಬೇರೆಯವರಾಗಿದ್ದರೆ ನಿಲ್ಲಿಸುತ್ತಿದ್ದರು. ಸೊಣ್ಣಮ್ಮ ಟ್ಯಾಂಕರಿಗೂ ಎಳನೀರಿನ ಗಾಡಿಗೂ ನಡುವೆ ಇದ್ದ ಸಂದಿಯನ್ನು ಒಂದು ಸಲ ನೋಡಿ, ಕಾರನ್ನು ಅದರೊಳಗೇ ತೂರಿಸಿದಳು.

"ಅಕ್ಕಾಽಽ!" ದೇವದಾಸ್ ಕಣ್ಣು ಮುಚ್ಚಿಕೊಂಡ.

ಸಂದಿ ದಾಟಿದ ಕಾರು ಗೊರಗೊರ ಅಂದು ಮಲಗಿತು.

"ನೋಡ್ದಾ, ಮಲಗ್ತು!" ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಕೂಗಿದರು. ಇಬ್ಬರದೂ ಗೆದ್ದವರ ದನಿ.

ದೇವದಾಸ್ ಕಣ್ಣು ಬಿಟ್ಟು ತನ್ನ ಬಲಗಾಲನ್ನೇ ನೋಡುತ್ತಿದ್ದ. ಅದು ಬ್ರೇಕೇ ಇಲ್ಲದ ಜಾಗದಲ್ಲಿ ಬ್ರೇಕ್ ಒತ್ತಿಕೊಂಡು ನೆಟ್ಟಗೆ ನಿಂತಿತ್ತು. ಮೆಲ್ಲಗೆ ಎತ್ತಿದ. ಕಾರು ಛಂಗನೆ ನೆಗೆಯಿತು. ಒತ್ತಿದ, ಮಲಗಿತು. ಎತ್ತಿದ, ನೆಗೆಯಿತು.

"ಅಕ್ಕಾ, ನಿಮ್ ಕಾಲು ಏನ್ ಮಾಡ್ತಿದೆ?"

"ತುಳ್ಕೊಂಡೇ ಇದ್ದೀನಪ್ಪ!"

ಕಾರು ಪಕ್ಕಕ್ಕೆ ನಿಂತಿತು. ದೇವದಾಸ್ ಕಾಲಡಿಯ ಮ್ಯಾಟ್ ಕಿತ್ತು, ಕೆಳಗಿನ ಕಾರ್ಪೆಟ್ ಎತ್ತಿ, ಟೇಪು ಬಿಟ್ಟುಕೊಂಡ ವೈರಿನ ಗಂಟೊಂದನ್ನು ಎಳೆದ. "ಇಂಜಿನ್‌ಗೆ ಎಷ್ಟು ಡೀಸೆಲ್ ಬಿಡ್ಬೇಕು ಅಂತ ಹೇಳೋ ವೈರು ಇದು. ಹಾಡಿನ ಸೆಟ್ ಕೂರಿಸಿದ ಯಾವನೋ ಪುಣ್ಯಾತ್ಮ ಇದರಿಂದಲೇ ಕರೆಂಟ್ ಕದ್ದಿದ್ದಾನೆ. ಮೇಲಿಂದ ತುಳಿದ್ರೆ ಲೂಸ್ ಆಗುತ್ತೆ. ಆದ್ರೆ ದಿನಾ ಇಲ್ಲಿ ಕೂತು ಭಯಕ್ಕೆ ತುಳಿಯೋರು ಯಾರು?"

ಇಬ್ಬರೂ ಹಿಂದಿನ ಸೀಟಿನ ಕಡೆ ತಿರುಗಿದರು.

"ನಾನೆಲ್ಲಿ ತುಳೀತೀನಿ?" ಎಂದ ಚಿಕ್ಕಬೈರಪ್ಪ.

ಸೊಣ್ಣಮ್ಮ ನಗಲು ಶುರುಮಾಡಿದವಳು ನಗುತ್ತಾ ನಗುತ್ತಾ ಸ್ಟೀರಿಂಗ್ ಮೇಲೆ ಬಿದ್ದಳು. ಹಾರನ್ ಉದ್ದಕ್ಕೆ ಕೂಗಿತು. "ಅಯ್ಯೋ ನನ್ನಪ್ಪನೇ, ಇಷ್ಟು ದಿನ ಗಾಡಿ ಮಲಗಿಸಿದ್ದು ನೀವಾ!"

ನಂಬಬೇಕಾದರೆ ತಾನೇ ನೋಡಬೇಕೆಂದು ಚಿಕ್ಕಬೈರಪ್ಪ ಮುಂದೆ ಬಂದು ಕೂತ. ದೇವದಾಸ್ ಹಿಂದಕ್ಕೆ ಹೋದ. "ಒತ್ಲಾ?" "ಒತ್ತಿ!" "ಬಿಡ್ಲಾ?" "ಬಿಡಿ!" ಕಾರು ಏಳುತ್ತಾ ಬೀಳುತ್ತಾ ಪದ್ಮನಾಭನಗರವನ್ನೆಲ್ಲ ಸುತ್ತಿತು. ಜಾತ್ರೆಯ ತೊಟ್ಟಿಲಲ್ಲಿ ಕೂತವರ ಹಾಗೆ ಮೂವರೂ ಕೇಕೆ ಹಾಕಿದರು. ಟ್ಯೂಷನ್ ಮುಗಿಸಿ ಬರುತ್ತಿದ್ದ ಮಕ್ಕಳು ನಿಂತು ನೋಡಿದರು.

ಗ್ಯಾರೇಜಿನ ಮುಂದೆ ಇಳಿಯುವಾಗ ಚಿಕ್ಕಬೈರಪ್ಪ ದೇವದಾಸನ ಕಿವಿಯ ಹತ್ತಿರ ಬಂದ. "ಇದನ್ನ ಸರಿ ಮಾಡ್ಲೇಬೇಕೇನೋ? ಮದುವೆಯಾದಾಗಿಂದ ನಾನು ಹಾಕಿದ ಬ್ರೇಕು ಇವಳಿಗೆ ತಾಗಿದ್ದು ಇದೊಂದೇ ಕಣೋ."

"ಮೊದ್ಲು ಜಯದೇವಪ್ಪನಿಗೆ ಫೋನ್ ಮಾಡಿ," ಎಂದಳು ಸೊಣ್ಣಮ್ಮ ಕಾರಿನೊಳಗಿನಿಂದ.

ಮಾಡಿದ. "ಬರ್ಬೇಡ ಕಣಯ್ಯ, ಕಾರು ಕೊಡಲ್ಲ. ಹೂಂ, ರೋಗ ಸಿಕ್ತು. ಎಲ್ಲಿತ್ತು ಅಂತ ಮಾತ್ರ ಕೇಳ್ಬೇಡ."

ವೈರು ಬದಲಿಸಲು ನಾಳೆ ಬನ್ನಿ, ಅಲ್ಲಿಯವರೆಗೆ ಎಡಗಡೆ ಯಾರೂ ತುಳಿಯಬಾರದು ಎಂದು ದೇವದಾಸ್ ಹೇಳಿ ಕಳಿಸಿದ. ಚಿಕ್ಕಬೈರಪ್ಪ ಚಪ್ಪಲಿ ಕಳಚಿ, ಪಂಚೆ ಎತ್ತಿಕೊಂಡು, ಊಟಕ್ಕೆ ಕೂತವನಂತೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಬೆಲ್ಟ್ ಬಿಗಿದುಕೊಂಡ. ಸೊಣ್ಣಮ್ಮ ಗೇರ್ ಬದಲಿಸಿದಳು. ಮುಂದೆ ಏರು, ಎದುರಿಗೆ ಬಸ್ಸು. ಚಿಕ್ಕಬೈರಪ್ಪ ಬಗ್ಗಿ, ತನ್ನ ಬಲಗಾಲಿನ ಹೆಬ್ಬೆರಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.