ಬಿಲ್ಲಿಗೆ ಬಳಿದ ಅಂಟು

ಹೊಸ ಬಿಲ್ಲನ್ನು ಪರೀಕ್ಷಿಸಲು ಮಗಳು ಕೆಲಸದ ಕೊಠಡಿಯಲ್ಲೇ ಹೆದೆಯನ್ನು ಗಲ್ಲದವರೆಗೆ ಎಳೆದಾಗ, ಅದನ್ನು ಮಾಡಿದ ಬಡಗಿ ಅಪ್ಪ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ. ಮೂರು ಪಟ್ಟಿ ಮರ ಕೂಡಿಸಿದ ಬಿಲ್ಲು ಅದು. ಎರಡು ಡಬ್ಬಿಯದನ್ನು ಕಲಸಿ ಹಚ್ಚುವ ಗಟ್ಟಿ ಅಂಟು ಮುಗಿದಿತ್ತು. ಸ್ಪರ್ಧೆ ನಾಳೆಯೇ ಎಂದು ಕುರ್ಚಿಗೆ ಹಾಕುವ, ಬಾಗಿದರೆ ಜಾರುವ ಬಿಳಿ ಅಂಟನ್ನೇ ಬಳಿದಿದ್ದ, ಮಗಳಿಗೆ ಹೇಳಿರಲಿಲ್ಲ. ಪದರ ಬಿಟ್ಟುಕೊಂಡರೆ ಚೂರು ಹಾರುವುದು ಅವಳ ಕಣ್ಣಿಗೇ.

“ಚಟ್” ಎಂದಿತು.

“ಬಿಡ್ಬೇಡ, ನಿಧಾನಕ್ಕೆ ಇಳಿಸು ಮಗಳೇ. ಅದಕ್ಕೆ ಹಾಕಿರೋದು ಕುರ್ಚಿ ಅಂಟು ಕಣೇ.” ಅಪ್ಪ ಕೂಗಿಕೊಂಡ.

ಹೆದೆ ಇಂಚಿಂಚಾಗಿ ಇಳಿಯಿತು. ಹಿಂದೆ ನಿಂತಿದ್ದ ಭಾಮೈದ, ಗರಗಸದಿಂದ ಹಿಡಿದು ಅಕ್ಕನ ಗೊರಕೆಯವರೆಗೆ ಎಲ್ಲವನ್ನೂ ಅಣಕಿಸುವ ಆಸಾಮಿ, ಬಾಯಲ್ಲಿ ಇನ್ನೊಮ್ಮೆ “ಚಟ್” ಎನಿಸಿದ. “ನಾಲಿಗೆ ಭಾವ, ನನ್ನ ನಾಲಿಗೆ. ನಿಮ್ಮ ಬಿಲ್ಲು ನೆಟ್ಟಗೇ ಇದೆ.”

ಭಾಮೈದ ನಕ್ಕ. ಅವನಿಗಿಂತ ಜೋರಾಗಿ ಬಡಗಿ ನಕ್ಕ, ಬೆಂಚು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಮಗಳು ಮಾತ್ರ ಬಿಲ್ಲನ್ನು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

“ಅಪ್ಪಾ, ಈ ಅಂಟು ನಿಲ್ಲಲ್ಲ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?”

ನಗು ನಿಲ್ಲಿಸಲು ಧೈರ್ಯ ಸಾಲದೆ ಅವನು ಇನ್ನೂ ಜೋರಾಗಿ ನಕ್ಕ.