ಕುಡಿಯುವ ನೀರಿನ ಲಾರಿ

ವಾರವೆಲ್ಲ ಕಾಯಿಸಿ ಬಂದ ಟ್ಯಾಂಕರ್ ಲಾರಿ ಓಣಿಯ ಬಾಯಲ್ಲೇ ಬುಸ್ಸೆಂದು ಹಬೆ ಉಗುಳಿ ನಿಂತುಬಿಟ್ಟಿತು. ಅದರ ಹೊಟ್ಟೆಯ ಮೇಲೆ ‘ಕುಡಿಯುವ ನೀರು’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಡ್ರೈವರ್ ಫ್ಯಾನ್ ಬೆಲ್ಟ್ ಎಳೆದು ನೋಡಿದ, ಪೈಪುಗಳನ್ನು ತಡವಿದ, ಎಲ್ಲವೂ ಸರಿಯಿತ್ತು. ಬಿಸಿ ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದವನೇ ಯಾರಿಗೋ ಕೆಟ್ಟದಾಗಿ ಬೈದ.

“ಮೊದ್ಲು ನಮ್ಗೆ ನೀರು ಬಿಡಪ್ಪಾ! ಮನೇಲಿ ಮಗೀಗೆ ಕುಡ್ಸಕ್ಕೆ ಹನಿ ನೀರಿಲ್ಲ,” ರುದ್ರಮ್ಮ ಕೊಡ ಕುಕ್ಕಿ ಕೂಗಿದಳು.

“ಬಾಯ್ಮುಚ್ಕೊಂಡು ನಿಂತ್ಕಳಮ್ಮ! ಇಂಜಿನ್ ಹೋದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?”

ರುದ್ರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಲಾರಿ ಇಲ್ಲೇ ಕೆಟ್ಟು ಕೂತರೆ ಮುಂದಿನ ವಾರ ಓಣಿಗೇ ನೀರಿಲ್ಲ. ಹಲ್ಲು ಕಚ್ಚಿಕೊಂಡು ಟ್ಯಾಂಕರಿನ ನಲ್ಲಿ ತಿರುಗಿಸಿ, ಕೊಡ ತುಂಬಿಸಿ ತಂದು ಅವನ ಮುಂದಿಟ್ಟಳು.

“ತಗಾ, ಮೊದ್ಲು ನಿನ್ನ ಗಾಡಿಗೇ ಹುಯ್ಕೊ.”

ಅವನು ಕೊಡವನ್ನು ಜಾಡಿಸಿ ಒದ್ದ.

“ತಲೆ ಕೆಟ್ಟಿದ್ಯಾ ನಿಂಗೆ? ಈ ನೀರು ಹುಯ್ದೂ ಹುಯ್ದೂ ಒಳಗೆಲ್ಲ ಸುಣ್ಣ ಕಟ್ಕೊಂಡೇ ಕಣಮ್ಮ ಇಂಜಿನ್ ಸಾಯ್ತಾ ಇರೋದು!”