ಕ್ಯಾಪ್ಟನ್ನರ ದನಿ

ಮಾತು ಆಡಿದರೆ ಹೋಯಿತು, ಹಡಗು ಒಡೆದರೆ ಹೋಯಿತು. ಗಾದೆ ಕೆಟ್ಟಿರಬಹುದು, ಕಥೆ ಮಾತ್ರ ನಿಜ. “ಅಂಬಾರಾಯ! ಧರ್ಮರಾಜ ಎಲ್ಲಿ?” ಎಂದು ದೇವಾನಂದ ಬಾಗಿಲ ಹಿಂದಿನಿಂದ ಗುಡುಗಿದ. ಅದು ಯುದ್ಧದಲ್ಲಿ ಪೆಟ್ಟು ತಿಂದು, ಬಿರುಗಾಳಿಗೆ ಸಿಕ್ಕಿ, ಬಂಡೆಗಪ್ಪಳಿಸಿ ಒಡೆದ ಹಡಗಿನೊಡನೆ ಮುಳುಗಿದ ಕ್ಯಾಪ್ಟನ್ನರ ದನಿ. ಹಡಪಸರದ ತನ್ನ ಈ ಮನೆಯಲ್ಲಿ ಮುದಿ ನಾವಿಕ ಅಂಬಾರಾಯನೇ ಅದನ್ನು ನೂರು ಸಲ ಅಣಕಿಸಿ ತೋರಿಸಿದ್ದ. ಪಕ್ಕದ ಮನೆಯ ಹುಡುಗ ದೇವಾನಂದ ಕಲಿತದ್ದು ಅವನಿಂದಲೇ.

ಹಡಗು ಮುಳುಗಿದ ದಿನವೆಂದು ಪ್ರತಿ ವರ್ಷದಂತೆ ಚಹಾಕ್ಕೆ ಸೇರಿದ್ದವರು ಮುಸಿಮುಸಿ ನಕ್ಕರು. ಅಂಬಾರಾಯ ಮಾತ್ರ ಕಪ್ಪು ಕೆಡವಿ ಎದ್ದು, ಸೆಟೆದು ನಿಂತು ಸೆಲ್ಯೂಟ್ ಹೊಡೆದ. “ಸಾಹೇಬ್ರ, ತೆರಿ ಒಯ್ಯಲಿಲ್ರಿ ಅವನ್ನ. ಹಗ್ಗ ಇಬ್ಬರ ಭಾರ ತಡೀತಿರಲಿಲ್ರಿ. ನಾನಽ ಅವನ ಕೈ ಬಿಟ್ಟೆ.”

ನಗು ನಿಂತಿತು. ಗೋಡೆಗೊರಗಿ ಕೂತಿದ್ದ ಶರಣಮ್ಮ, ಅದೇ ಹಡಗಿನಲ್ಲಿದ್ದ ಆ ಧರ್ಮರಾಜನ ಹೆಂಡತಿ. ಐವತ್ತು ವರ್ಷ ಆಕೆಗೆ ಅಂಬಾರಾಯ ಹೇಳುತ್ತ ಬಂದದ್ದು ಒಂದೇ ಮಾತು: ತೆರೆ ಒಯ್ದಿತು. ದೇವಾನಂದ ಬಾಗಿಲು ಸರಿಸಿ ಹೊರಬಂದ. “ಕಾಕಾ, ನಾನ್ರಿ... ಸುಮ್ನ ಚ್ಯಾಷ್ಟಿ ಮಾಡಿದೆ.”

ಅಂಬಾರಾಯ ಅವನನ್ನು ನೋಡಿದ, ಆಮೇಲೆ ಶರಣಮ್ಮನನ್ನು. “ನಾನೂ ಚ್ಯಾಷ್ಟಿನಽ ಮಾಡೀನಲೇ! ಹೆಂಗ ನಂಬಿದ್ರಿ ಎಲ್ಲಾರೂ?” ಶರಣಮ್ಮ ಬಹಳ ಹೊತ್ತು ಅವನ ಮುಖವನ್ನೇ ನೋಡಿ, “ನಂಬಿದ್ದೆ ನೋಡ್ರಿ ಅಣ್ಣಾ,” ಎಂದು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಆಗ ಉಳಿದವರೂ ನಕ್ಕರು. ಹಣೆಗಿಟ್ಟ ಕೈಯನ್ನು ಇನ್ನೂ ಇಳಿಸದೆ, ಕಣ್ಣೀರು ಸುರಿಸುತ್ತ, ಎಲ್ಲರಿಗಿಂತ ಜೋರಾಗಿ ನಕ್ಕವನು ಅಂಬಾರಾಯ.